ಯಾರ ಪರಮಾಣು

ವಿಜ್ಞಾನದ ಪರೀಕ್ಷೆಯಲ್ಲಿ ಶಿವಗಂಗಮ್ಮ ಅಳುಕದೆ ಬರೆದದ್ದು ಒಂದೇ ಒಂದು ಉತ್ತರ, ಏಳನೆಯ ಪ್ರಶ್ನೆಯದು. ‘ಒಂದು ಗುಲಗಂಜಿ ತೂಕದ ಬಂಗಾರದಲ್ಲಿ ಎಷ್ಟು ಪರಮಾಣುಗಳಿರುತ್ತವೆ? ಲೆಕ್ಕ ಮಾಡಿ ತೋರಿಸಿ.’ ಅದಕ್ಕೆ ಹತ್ತು ಅಂಕ. ಉಳಿದ ಪ್ರಶ್ನೆಗಳಲ್ಲಿ ಆಕೆ ಕತ್ತಲಲ್ಲಿ ಕೆರೆ ಏರಿಯ ಮೇಲೆ ನಡೆದ ಹಾಗೆ ನಡೆದಿದ್ದಳು, ಕಾಲಿಟ್ಟಲ್ಲಿ ನೆಲ ಇದೆಯೋ ಇಲ್ಲವೋ ಎಂದುಕೊಂಡು. ಇದೊಂದು ಮಾತ್ರ ಸ್ವಂತ ಮನೆಯ ಹಿತ್ತಿಲು. ಬಾಗೂರಿನ ನಾಟಿವೈದ್ಯ ಹಾಲಸ್ವಾಮಿಯ ಮಗಳಿಗೆ ಗುಲಗಂಜಿಯ ಲೆಕ್ಕ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಪ್ಪನ ತೂಕದ ಕೋಷ್ಟಕವನ್ನು ಆಕೆ ಅಕ್ಷರ ಕಲಿಯುವ ಮೊದಲೇ ಕಲಿತಿದ್ದಳು. ಐದು ಸಾಲಿನಲ್ಲಿ ಲೆಕ್ಕ ಮುಗಿಸಿ, ಕೊನೆಗೆ ಉತ್ತರದ ಕೆಳಗೆ ಎರಡು ಗೆರೆ ಎಳೆದು ಎದ್ದು ಬಂದಳು.

ಹೊರಗೆ ಜಗಲಿಯಲ್ಲಿ ಏಕನಾಥಮ್ಮ ನಿಂತಿದ್ದಳು. ಇವಳು ದುರ್ಗದವಳೇ, ಇದೇ ತರಬೇತಿ ಶಾಲೆಯಲ್ಲಿ ವರ್ಷವಿಡೀ ಪಾಠ ಕೇಳಿದವಳು, ಮಾತಿಗೆ ತಡೆಯಿಲ್ಲದ ಹೆಂಗಸು.

“ಏನ್ರೀ ಹೊಸದುರ್ಗದವ್ರೆ, ಏಳನೇದು ಮಾಡಿದ್ರಾ? ನಾನಂತೂ ಮುಂದೆ ಇಪ್ಪತ್ತು ಸೊನ್ನೆ ಇಟ್ಟು ಬಂದೀನಿ. ಹೆಚ್ಚೋ ಕಡಿಮೆಯೋ ಆ ಏಕನಾಥೇಶ್ವರಿಗೇ ಗೊತ್ತು.”

“ಎಷ್ಟು ಸೊನ್ನೆ?”

“ಇಪ್ಪತ್ತು. ಅಲ್ಲೇನ್ರೀ? ಮೇಷ್ಟ್ರು ಕೋಟಿ ಕೋಟಿ ಅಂತ ಬಾಯಿ ನೋಯೋ ಹಂಗೆ ಹೇಳಿದ್ರಲ್ಲ. ಓ, ನೀವು ಕ್ಲಾಸಿಗೆ ಬರ್ತಿರ್ಲಿಲ್ಲ. ನಿಮ್ದು ಎಷ್ಟು ಬಂತು?”

ಶಿವಗಂಗಮ್ಮನ ಉತ್ತರದಲ್ಲಿ ಸೊನ್ನೆ ಇದ್ದದ್ದು ಒಂದೇ, ಕೊನೆಯಲ್ಲಿ. ಮೂವತ್ತೆಂಟು ಸಾವಿರದ ಎಂಟುನೂರ ಎಂಬತ್ತು. ಅದನ್ನು ಬಾಯಿಬಿಟ್ಟು ಹೇಳಲಾಗಲಿಲ್ಲ. “ನಂಗೂ ಹಂಗೇ ಬಂತು” ಎಂದು ಸುಳ್ಳು ಹೇಳಿ ಸೆರಗು ಹೊದ್ದುಕೊಂಡು ಮೆಟ್ಟಿಲಿಳಿದಳು. ಬೆಳಗಿನಿಂದ ಇದ್ದ ಹಸಿವು ಎಲ್ಲಿ ಹೋಯಿತೋ.

ಆಕೆಯ ಗಾಬರಿಗೆ ಕಾರಣವಿತ್ತು. ಹೊಸದುರ್ಗದ ಹೆಣ್ಣುಮಕ್ಕಳ ಶಾಲೆಯಲ್ಲಿ ನಾಲ್ಕು ವರ್ಷದಿಂದ ಹಂಗಾಮಿ ಉಪಾಧ್ಯಾಯಿನಿ. ಸಾವಿರದ ಒಂಬೈನೂರ ಹದಿನೇಳರ ಆ ಬೇಸಿಗೆಯಲ್ಲಿ ಮೇಲಿನಿಂದ ಕಾಗದ ಬಂದಿತ್ತು: ಈ ಸಲ ಉಪಾಧ್ಯಾಯರ ಪರೀಕ್ಷೆಯಲ್ಲಿ ತೇರ್ಗಡೆಯಾದವರಿಗೆ ಕೆಲಸ ಖಾಯಂ, ಆಗದವರಿಗೆ ಆಷಾಢದಿಂದ ಕೆಲಸವಿಲ್ಲ. ಉಳಿದ ಪತ್ರಿಕೆಗಳ ಹೆದರಿಕೆ ಇರಲಿಲ್ಲ. ವಿಜ್ಞಾನದಲ್ಲಿ ನಲವತ್ತು ಬಂದರೆ ಸಾಕಾಗಿತ್ತು. ಬರದಿದ್ದರೆ ಧರ್ಮಪುರ. ಗಂಡ ಪ್ಲೇಗಿನಲ್ಲಿ ತೀರಿಕೊಂಡಾಗಿನಿಂದ ಅಲ್ಲಿನ ಮೈದುನ ಈರಬಸಪ್ಪ ಎರಡು ಸಲ ಬಂದು ಕರೆದು ಹೋಗಿದ್ದ. ಕೆಟ್ಟವನಲ್ಲ. “ಅತ್ತಿಗೆ, ನಮ್ಮನೇಲಿ ಕೈ ಬೇಕು, ನಿಮಗೆ ಮನೆ ಬೇಕು. ಹುಡುಗಿ ಮುದ್ದೆ ತಿರುವೋದು ಕಲೀಲಿ, ಪುಸ್ತಕ ತಿರುವಿ ಏನಾಗಬೇಕೈತೆ?” ಎಂದಿದ್ದ. ಹುಡುಗಿ ಎಂದರೆ ಚಂದ್ರಕ್ಕ, ಎಂಟು ವರ್ಷದ ಮಗಳು. ಧರ್ಮಪುರದಲ್ಲಿ ಹೆಣ್ಣುಮಕ್ಕಳು ಓದುವ ಶಾಲೆ ಇರಲಿಲ್ಲ.

*

ದುರ್ಗದಲ್ಲಿ ತಾಯಿ ಮಗಳು ಇಳಿದುಕೊಂಡದ್ದು ಸೋದರತ್ತೆ ಮುದ್ದಕ್ಕನ ಮನೆಯಲ್ಲಿ. ಬಾಯಿ ಪರೀಕ್ಷೆ ಇನ್ನೂ ಎರಡು ದಿನದ ನಂತರ. ಆ ಎರಡು ದಿನವೂ ಶಿವಗಂಗಮ್ಮ ರೊಟ್ಟಿ ತಟ್ಟುತ್ತ ಲೆಕ್ಕ ಹಾಕಿದಳು, ಬಾವಿಯಲ್ಲಿ ನೀರು ಸೇದುತ್ತ ಲೆಕ್ಕ ಹಾಕಿದಳು. ಏಳನೆಯ ಪ್ರಶ್ನೆ ಪೂರಾ ಹೋದರೆ ಎಷ್ಟು ಉಳಿಯುತ್ತದೆ? ಒಮ್ಮೆ ಮೂವತ್ತಾರು ಬರುತ್ತಿತ್ತು, ಒಮ್ಮೆ ಮೂವತ್ತೆರಡು. ನಲವತ್ತು ಒಮ್ಮೆಯೂ ಬರಲಿಲ್ಲ.

“ಏನೇ ಅದು ಎರಡು ದಿನದಿಂದ ಗೊಣಗ್ತಿರೋದು?” ಎಂದಳು ಮುದ್ದಕ್ಕ.

“ಅಪ್ಪನ ಕೋಷ್ಟಕ ಅತ್ತೆ.”

“ಅಯ್ಯೋ, ಅದಾ? ನಿಮ್ಮಪ್ಪ ನನ್ನ ತಲೆ ಬಾಚೋವಾಗೆಲ್ಲ ಹೇಳ್ತಿದ್ದ. ಮೂವತ್ತು ಪರಮಾಣು ಸೇರಿ ಬಿಸಿಲುಕೋಲಿನ ಒಂದು ಧೂಳು. ಎಂಟು ಧೂಳಿಗೆ ಒಂದು ಸೀರು.”

“ಮೂರು ಸೀರಿಗೆ ಒಂದು ಕರಿ ಸಾಸಿವೆ” ಎಂದು ಚಂದ್ರಕ್ಕ ಒಳಗಿನಿಂದ ಕೂಗಿದಳು. “ಮೂರು ಕರಿ ಸಾಸಿವೆಗೆ ಒಂದು ಬಿಳಿ ಸಾಸಿವೆ. ಆರು ಬಿಳಿ ಸಾಸಿವೆಗೆ ಒಂದು ಜವೆಕಾಳು. ಮೂರು ಜವೆಗೆ ಒಂದು ಗುಲಗಂಜಿ.”

“ನಿನ್ನ ಮಗಳಿಗೂ ಹಿಡಿಸಿದ್ಯಾ ಈ ಹುಚ್ಚು? ನಾನು ಆಗ್ಲೇ ಕೇಳಿದ್ದೆ ನಿಮ್ಮಪ್ಪನ್ನ, ಅಲ್ಲಣ್ಣ, ಹೇನಿನ ಸೀರು ಹಿಡಿದು ತ್ರಾಸಿನಲ್ಲಿ ಕೂರಿಸಿದೋರು ಯಾರು ಅಂತ. ಅದು ತೂಗೋವರ್ಗೂ ಸುಮ್ಕೆ ಕುಂತಿತ್ತಾ?”

ಬೇರೆ ದಿನವಾಗಿದ್ದರೆ ಶಿವಗಂಗಮ್ಮ ನಗುತ್ತಿದ್ದಳು. ಮಾಡಿನ ಬೆಳಕಿಂಡಿಯಿಂದ ಒಂದು ಬಿಸಿಲುಕೋಲು ಅಡುಗೆಮನೆಗೆ ಇಳಿದಿತ್ತು. ಅದರಲ್ಲಿ ಧೂಳು ಆಡುತ್ತಿತ್ತು. ಆ ಒಂದು ಧೂಳಿನಲ್ಲಿ ಮೂವತ್ತು ಪರಮಾಣು ಎಂದು ಅಪ್ಪ ಹೇಳಿದ್ದ. ಅಪ್ಪ ಹೇಳಿದ್ದು ತಪ್ಪೇ? ಬಾಗೂರಿನ ಸುತ್ತಿನ ಜನ ಆತ ತೂಗಿಕೊಟ್ಟ ಔಷಧವನ್ನು ಕಣ್ಣು ಮುಚ್ಚಿ ನುಂಗುತ್ತಿದ್ದರು. ತೂಕದಲ್ಲಿ ಆತ ಅಷ್ಟು ಗಟ್ಟಿ. ಒಂದು ಸಲ ಒಬ್ಬ ರೋಗಿಗೆ ಪಾಷಾಣ ಸೇರಿದ ಮಾತ್ರೆಯ ಪೊಟ್ಟಣ ಕೊಟ್ಟು ಕಳಿಸಿದ ಮೇಲೆ, ತ್ರಾಸಿನಲ್ಲಿ ಗುಲಗಂಜಿ ಇಡುವ ತಟ್ಟೆಯ ಅಡಿಗೆ ಎಳ್ಳಿನಷ್ಟು ಮೇಣ ಅಂಟಿರುವುದು ಕಂಡಿತ್ತು. ಎಳ್ಳಿನಷ್ಟು ಮೇಣವೆಂದರೆ ಔಷಧ ಅಷ್ಟು ಹೆಚ್ಚಾಗಿ ಹೋಗಿದೆ ಎಂದೇ ಅರ್ಥ. ಅಪ್ಪ ಉಣ್ಣುವ ಎಲೆಯ ಮುಂದಿನಿಂದ ಎದ್ದು, ಸುಡುವ ಬಿಸಿಲಿನಲ್ಲಿ ಎರಡು ಹರದಾರಿ ನಡೆದು, ಪೊಟ್ಟಣ ವಾಪಸು ತಂದಿದ್ದ. ಅಷ್ಟರಿಂದ ಸಾಯುತ್ತಿದ್ದನೇನು ಅವನು, ಎಂದು ಅವ್ವ ರೇಗಿದ್ದಳು. ಸಾಯುತ್ತಿರಲಿಲ್ಲ, ನನಗೆ ಉಂಡದ್ದು ಇಳೀತಿರಲಿಲ್ಲ ಅಷ್ಟೆ, ಎಂದಿದ್ದ ಅಪ್ಪ.

ಅಂಥವನ ಕೋಷ್ಟಕ ತನ್ನನ್ನು ಹೀಗೆ ಮುಳುಗಿಸುತ್ತದೆಂದು ಶಿವಗಂಗಮ್ಮ ಕನಸಿನಲ್ಲೂ ಎಣಿಸಿರಲಿಲ್ಲ.

*

ಬಾಯಿ ಪರೀಕ್ಷೆಯ ಕೋಣೆಯ ಬಾಗಿಲಲ್ಲಿ ಜವಾನ ಮಾರಣ್ಣ ಕುಳಿತಿದ್ದ. ತನ್ನ ಸರದಿ ಬಂದಾಗ ಒಳಗೆ ಹೋದ ಶಿವಗಂಗಮ್ಮನಿಗೆ ಮೊದಲು ಕಂಡದ್ದು ಮೇಜಿನ ಮೇಲಿದ್ದ ಗಾಜಿನ ಪೆಟ್ಟಿಗೆಯ ತ್ರಾಸು. ಆಮೇಲೆ ಅದರ ಹಿಂದೆ ಕುಳಿತಿದ್ದ ಮರುಳಸಿದ್ದಪ್ಪ. ಪರೀಕ್ಷಕರು ಎಂದರೆ ಬಿಳಿ ಮೀಸೆಯ ಮುದುಕರೆಂದು ಆಕೆ ತಿಳಿದಿದ್ದಳು. ಈತನಿಗೆ ಮೂವತ್ತು ದಾಟಿದಂತಿರಲಿಲ್ಲ. ಬೆಂಗಳೂರಿನಲ್ಲಿ ಓದಿ ಬಂದ ವಿಜ್ಞಾನದ ಮೇಷ್ಟ್ರು. ಪ್ರಶ್ನೆಪತ್ರಿಕೆ ಮಾಡಿದ್ದೂ ಈತನೇ, ಉತ್ತರ ತಿದ್ದುವುದೂ ಈತನೇ. ರುಮಾಲು ತೆಗೆದು ಪಕ್ಕಕ್ಕಿಟ್ಟಿದ್ದ. ಎದುರಿಗೆ ಆಕೆಯದೇ ಕಾಗದ. ಏಳನೆಯ ಉತ್ತರದ ಮೇಲೆ ಮೂಲೆಯಿಂದ ಮೂಲೆಗೆ ಕೆಂಪು ಗೆರೆ.

“ಕುಂತ್ಕಳ್ರಿ ತಾಯಿ. ಇದೊಂದು ನನಗೆ ತಿಳೀಲಿಲ್ಲ. ಕೆಲವರು ಒಂದು ಸೊನ್ನೆ ಹೆಚ್ಚು ಬರೆದಾರೆ, ಕೆಲವರು ಐದು ಸೊನ್ನೆ ಕಡಿಮೆ ಬರೆದಾರೆ. ಮೂವತ್ತೆಂಟು ಸಾವಿರದ ಎಂಟುನೂರ ಎಂಬತ್ತು ಅಂತ ಒಂದಂಕಿಯೂ ಅಲುಗಾಡದ ಹಂಗೆ ಬರೆದೋರು ನೀವೊಬ್ರೇ. ಎಲ್ಲಿಂದ ಬಂತು?”

ಶಿವಗಂಗಮ್ಮ ಹೇಳಿದಳು. ಧ್ವನಿ ಮೊದಲು ಏಳಲಿಲ್ಲ. ಸಾಸಿವೆಗೆ ಬರುವಷ್ಟರಲ್ಲಿ ಸರಿಹೋಯಿತು. ಮೂವತ್ತು, ಎಂಟು, ಮೂರು, ಮೂರು, ಆರು, ಮೂರು. ಗುಣಿಸಿದರೆ ಅಷ್ಟೇ ಬರುತ್ತದೆ.

ಮರುಳಸಿದ್ದಪ್ಪ ಬೆರಳು ಮಡಿಸುತ್ತ ತಾನೂ ಗುಣಿಸಿ ನೋಡಿದ. “ನಮ್ಮಜ್ಜಿಯೂ ಸೀರಿನ ಲೆಕ್ಕ ಹೇಳೋಳು” ಎಂದ. “ಆದರೆ ಇದು ಆ ಪರಮಾಣು ಅಲ್ಲಮ್ಮ. ಇದು ರಸಾಯನಶಾಸ್ತ್ರದ್ದು. ಕಣ್ಣಿಗೆ ಕಾಣೋ ಧೂಳಿಗೂ ಇದಕ್ಕೂ ಸಂಬಂಧವೇ ಇಲ್ಲ. ಆದ್ದರಿಂದ ಉತ್ತರ ತಪ್ಪು.”

“ತಪ್ಪಾದ್ರೆ ತಪ್ಪು ಅಂತಾನೇ ಹಾಕ್ರಿ ಸ್ವಾಮಿ.” ಇಷ್ಟಕ್ಕೆ ಎದ್ದು ಬಂದುಬಿಡಬೇಕೆಂದು ಆಕೆಗೆ ಅನಿಸಿತು. ಆದರೆ ಧರ್ಮಪುರದ ಅಡುಗೆಮನೆ ಕಣ್ಣ ಮುಂದೆ ಬಂತು, ಒಲೆಯ ಮುಂದೆ ಕುಕ್ಕರುಗಾಲಿನಲ್ಲಿ ಚಂದ್ರಕ್ಕ. “ಒಂದು ಕೇಳ್ಲಾ? ಪ್ರಶ್ನೆ ಒಳಗೆ ಪರಮಾಣು ಅಂತ ಐತೆ. ಯಾರ ಪರಮಾಣು ಅಂತ ಇಲ್ಲ.”

ಬಾಗಿಲಲ್ಲಿ ಮಾರಣ್ಣ ಕೆಮ್ಮಿದ. ನಗು ನುಂಗಿದ ಕೆಮ್ಮು ಅದು.

ಮರುಳಸಿದ್ದಪ್ಪ ಪ್ರಶ್ನೆಪತ್ರಿಕೆ ಎತ್ತಿಕೊಂಡು ಏಳನೆಯ ಪ್ರಶ್ನೆಯನ್ನು ಓದಿದ. ಮತ್ತೊಮ್ಮೆ ಓದಿದ. ಕಿವಿಯ ತುದಿ ಕೆಂಪಾಯಿತು.

“ಇಲ್ಲ” ಎಂದ ಕೊನೆಗೆ. “ಇಂಗ್ಲಿಷಿನ ಪುಸ್ತಕದಲ್ಲಿ ಅದಕ್ಕೊಂದು ಹೆಸರಿತ್ತು, ಕನ್ನಡದಲ್ಲಿ ಇರಲಿಲ್ಲ. ಈ ಹಳೇ ಹೆಸರು ಖಾಲಿ ಬಿದ್ದೈತೆ ಅಂತ ತಿಳಕೊಂಡು ಹೊಸಬನ್ನ ತಂದು ಬಾಡಿಗೆಗೆ ಇಟ್ಟೆ. ಒಳಗೆ ಹಳಬ ಇನ್ನೂ ಸಂಸಾರ ಮಾಡಿಕೊಂಡು ಕುಂತಾನೆ ಅಂತ ಬಾಗಿಲು ತೆಗೆದು ನೋಡಲಿಲ್ಲ.”

ಶಿವಗಂಗಮ್ಮ ತನ್ನ ಕಾಗದದ ಕೆಂಪು ಗೆರೆಯನ್ನೇ ನೋಡಿದಳು.

ಆತ ಗಾಜಿನ ಪೆಟ್ಟಿಗೆಯ ಬಾಗಿಲು ಸರಿಸಿ, ಮಖಮಲ್ಲಿನ ಗೂಡಿನಿಂದ ಚಿಮಟಿಗೆಯಲ್ಲಿ ಒಂದು ಹಿತ್ತಾಳೆಯ ಗುಂಡು ಎತ್ತಿ ತ್ರಾಸಿನ ಎಡತಟ್ಟೆಯಲ್ಲಿಟ್ಟ. “ಇದು ಒಂದು ಗ್ರಾಂ, ಫ್ರೆಂಚರ ತೂಕ. ಗುಲಗಂಜಿ ಹಾಕಿ ತೂಗಿ ತೋರಿಸ್ರಿ. ನಿಮ್ಮ ಹತ್ತಿರ ಇಲ್ಲದಿದ್ದರೆ—”

ಇದ್ದವು. ಅಪ್ಪನ ಸಂಚಿಯಿಂದ ಬಂದ ಗಂಜಿಗಳನ್ನು ಆಕೆ ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡೇ ಓಡಾಡುತ್ತಿದ್ದಳು. ಒಂದೊಂದನ್ನೇ ಬೆಳಕಿಗೆ ಹಿಡಿದು, ತೂತು ಬಿದ್ದದ್ದನ್ನೂ ಸುಕ್ಕಿದ್ದನ್ನೂ ಬದಿಗಿಟ್ಟು, ಒಳ್ಳೆಯವನ್ನು ಬಲತಟ್ಟೆಗೆ ಇಳಿಸಿದಳು. ಎಂಟು ಕಾಳಿಗೆ ಮುಳ್ಳು ಇನ್ನೂ ಎಡಕ್ಕೆ ಒಲೆದಿತ್ತು, ಒಂಬತ್ತನೆಯದಕ್ಕೆ ಬಲಕ್ಕೆ ಬಿತ್ತು.

“ಎಂಟರ ಮೇಲೆ ಮೂರನೇ ಒಂದು ಪಾಲು” ಎಂದಳು.

“ಸರಿ. ಹಂಗಾದ್ರೆ ನಿಮ್ಮ ಒಂದು ಗಂಜಿ ನೂರಿಪ್ಪತ್ತು ಮಿಲಿಗ್ರಾಂ. ಸಾವಿರ ಮಿಲಿಗ್ರಾಮಿಗೆ ಒಂದು ಗ್ರಾಂ. ಇನ್ನು ನನ್ನ ಪರಮಾಣುವಿನ ವಿಷಯ ಹೇಳ್ತೀನಿ, ಕ್ಲಾಸಿಗೆ ಬಂದೋರಿಗೆಲ್ಲ ಹೇಳೀನಿ, ನಿಮಗೂ ಹೇಳಬೇಕಲ್ಲ. ಹೈಡ್ರೋಜನ್ ಅಂತ ಅನಿಲ ಐತೆ, ಎಲ್ಲಕ್ಕಿಂತ ಹಗುರ. ಅದು ಒಂದು ಗ್ರಾಂ ತಗೊಂಡ್ರೆ ಒಳಗೆ ಸುಮಾರು ಆರುನೂರು ಕೋಟಿ ಕೋಟಿ ಕೋಟಿ ಪರಮಾಣು ಅವೆ. ಮೂರು ಸಲ ಕೋಟಿ, ಮರೀಬೇಡ್ರಿ. ಬಂಗಾರದ ಒಂದು ಪರಮಾಣು ಅದರ ನೂರತೊಂಬತ್ತೇಳು ಪಟ್ಟು ಭಾರ.” ಸ್ಲೇಟು, ಬಳಪ ಮುಂದೆ ತಳ್ಳಿದ. “ನಿಮ್ಮಪ್ಪನ ಲೆಕ್ಕದ ಬಂಗಾರದ ಒಂದು ಪರಮಾಣು ಇಟ್ಕಳ್ರಿ. ಅದರೊಳಗೆ ನನ್ನವು ಎಷ್ಟು ಹಿಡಿಸ್ತಾವೆ? ಇದನ್ನ ಮಾಡಿದ್ರೆ ಏಳನೇ ಪ್ರಶ್ನೆ ಮಾಡಿದಂಗೆ.”

ಕೋಟಿ ಎಂಬುದನ್ನು ಆಕೆ ಹರಿಕಥೆಯಲ್ಲಿ ಕೇಳಿದ್ದಳೇ ಹೊರತು ಸ್ಲೇಟಿನ ಮೇಲೆ ಇಳಿಸಿರಲಿಲ್ಲ. ಉದ್ದ ಒಂದು ಗೆರೆ ಎಳೆದಳು. ಗೆರೆಯ ಮೇಲೆ ಹನ್ನೆರಡು, ಅದರ ಪಕ್ಕ ಆರುನೂರು, ಮುಂದೆ ಕೋಟಿಗಳಿಗೆಂದು ಮೂರು ಚಿಕ್ಕ ಕೋ. ಗೆರೆಯ ಕೆಳಗೆ ಸಾವಿರ, ನೂರತೊಂಬತ್ತೇಳು, ಅಪ್ಪನ ಮೂವತ್ತೆಂಟು ಸಾವಿರದ ಎಂಟುನೂರ ಎಂಬತ್ತು. ಹೊರಗೆ ಮುಂದಿನವರು ಕಾಯುತ್ತಿದ್ದರು, ಮಾರಣ್ಣ ಎರಡು ಸಲ ಇಣುಕಿ ಹೋದ. ಬಳಪ ಕಿರುಗುಟ್ಟಿತು. ಹೊಡೆದು ಹಾಕಬಹುದಾದ ಸೊನ್ನೆಗಳನ್ನು ಮೇಲೊಂದು ಕೆಳಗೊಂದು ಹೊಡೆದು, ಭಾಗಿಸಿ, ಬೆವರು ಒರೆಸಿಕೊಂಡು ಹೇಳಿದಳು: “ಒಂಬತ್ತು ಕೋಟಿ ಕೋಟಿ, ಮೇಲೆ ನಲವತ್ತು ಲಕ್ಷ ಕೋಟಿ. ಹೆಚ್ಚು ಕಡಿಮೆ.”

ಮರುಳಸಿದ್ದಪ್ಪ ಸ್ಲೇಟನ್ನು ತನ್ನ ಕಡೆ ತಿರುಗಿಸಿಕೊಂಡು ಮೇಲಿಂದ ಕೆಳಕ್ಕೆ ಬೆರಳಾಡಿಸಿದ. ಭಾಗಾಕಾರ ಸರಿಯಾಗಿತ್ತು, ಕ್ರಮ ಸರಿಯಾಗಿತ್ತು. ಆತನ ಮುಖದಲ್ಲಿ ಸಂತೋಷವೇ ಕಂಡಿತು.

“ಒಂದು ಪರಮಾಣುವಿನ ಹೊಟ್ಟೆಯಲ್ಲಿ ಒಂಬತ್ತು ಕೋಟಿ ಕೋಟಿ ಪರಮಾಣು. ಇದನ್ನ ಬರಕೊಳ್ತೀನಿ ತಾಯಿ. ಬರೋ ವರ್ಷ ಈ ಪಾಠ ಶುರು ಮಾಡೋದೇ ಇದರಿಂದ.” ಅಂಕಿಯನ್ನು ತನ್ನ ಪಾಠದ ಪುಸ್ತಕದಲ್ಲಿ ಬರೆದುಕೊಂಡ. ಆಮೇಲೆ ಆಕೆಯ ಕಾಗದದಲ್ಲಿ ಕೆಂಪು ಗೆರೆಯ ಪಕ್ಕ ಎರಡು ಸಾಲು ಬರೆದು ಸಹಿ ಹಾಕಿದ. ತಲೆಕೆಳಗಾಗಿಯೇ ಶಿವಗಂಗಮ್ಮ ಓದಿಕೊಂಡಳು: ‘ಪ್ರಶ್ನೆಯ ಮಾತು ಸ್ಪಷ್ಟವಿಲ್ಲ, ತಪ್ಪು ನನ್ನದು. ಬಾಯಿಯಲ್ಲಿ ಪುನಃ ಕೇಳಲಾಯಿತು.’ ಅದರ ಮುಂದೆ ಎಂಟು ಎಂಬ ಅಂಕಿ. ಒಟ್ಟು ಎಷ್ಟೆಂಬುದನ್ನು ಆತನ ಅಂಗೈ ಮುಚ್ಚಿತ್ತು. ಕೇಳುವ ಹಾಗಿರಲಿಲ್ಲ.

*

ಹೊಳಲ್ಕೆರೆ ಕಡೆಯ ಗಾಡಿ ಮೂರು ಗಂಟೆಗೆ ಹೊರಡುವುದಿತ್ತು. ಅದು ತಪ್ಪಿದರೆ ಇನ್ನು ನಾಳೆಯೇ. ಹುಣಸೆಮರದ ಕೆಳಗೆ ಗಾಡಿಯವನು ಎತ್ತುಗಳಿಗೆ ನೀರು ಕುಡಿಸುತ್ತಿದ್ದ. ಬುತ್ತಿಗಂಟು ಹಿಡಿದು ಮುದ್ದಕ್ಕ ಕಳಿಸಿಕೊಡಲು ಬಂದಿದ್ದಳು. ಚಂದ್ರಕ್ಕ ಆಗಲೇ ಗಾಡಿ ಹತ್ತಿ ಹುಲ್ಲಿನ ಮೇಲೆ ಕುಳಿತಿದ್ದಳು.

“ಎಂಟು ಮಾರ್ಕು ಕೊಟ್ರು ಅತ್ತೆ” ಎಂದಳು ಶಿವಗಂಗಮ್ಮ. ಮೂರು ದಿನಕ್ಕೆ ಮೊದಲ ಸಲ ಉಸಿರು ಹೊಟ್ಟೆಯ ತನಕ ಇಳಿದಂತಾಯಿತು.

“ಗಂಜಿ ಕೊಡವ್ವ, ಆಡ್ತೀನಿ” ಎಂದಳು ಚಂದ್ರಕ್ಕ. ಗಂಟು ಬಿಚ್ಚಿ, ತ್ರಾಸಿನಲ್ಲಿ ತೂಗಿದ ಎಂಟನ್ನು ಮಗಳ ಅಂಗೈಗೆ ಹಾಕಿದಳು. “ಇವೆಲ್ಲ ಸೇರಿದ್ರೆ ಹೆಚ್ಚುಕಡಿಮೆ ಒಂದು ಗ್ರಾಂ, ಗೊತ್ತಾ?”

“ಎಂಟಕ್ಕೆ ಒಂದಾ?”

“ಹ್ಞೂ, ಎಂಟಕ್ಕೆ...”

ಮಾತು ಅಲ್ಲಿಗೇ ನಿಂತಿತು. ಎಂಟಕ್ಕೆ ಒಂದು. ಸ್ಲೇಟಿನ ಮೇಲೆ ಆಕೆ ಏನು ಬರೆದಿದ್ದಳು? ಮೇಲೆ ಹನ್ನೆರಡು, ಕೆಳಗೆ ಸಾವಿರ. ಸಾವಿರದಲ್ಲಿ ಹನ್ನೆರಡು ಎಷ್ಟು ಸಲ ಹೋಗುತ್ತದೆ? ಎಂಬತ್ತಮೂರು ಸಲ. ಎಂಬತ್ತಮೂರು ಗಂಜಿ ಎಂದರೆ ಈ ಹುಡುಗಿಯ ಅಂಗೈ ತುಂಬಿ ಹೊರಚೆಲ್ಲುತ್ತದೆ. ಅಷ್ಟು ಗಂಜಿಯನ್ನು ಆ ಪುಟ್ಟ ಹಿತ್ತಾಳೆ ಗುಂಡಿಗೆ ಸಮ ಮಾಡಿ ತೂಗಿದೆನೆಂದು ತಾನು ಬರೆದುಕೊಟ್ಟಿದ್ದಾಳೆ. ನೂರಿಪ್ಪತ್ತು ಬರೆಯುವ ಕಡೆ ಹನ್ನೆರಡು ಬರೆದಿದ್ದಾಳೆ. ಸೊನ್ನೆ ಬಿಟ್ಟಿದ್ದಾಳೆ. ಒಂಬತ್ತು ಕೋಟಿ ಕೋಟಿಯಲ್ಲ, ತೊಂಬತ್ತನಾಲ್ಕು ಕೋಟಿ ಕೋಟಿ.

ಬಿಚ್ಚಿದ ಸೆರಗಿನ ಗಂಟನ್ನು ಮತ್ತೆ ಕಟ್ಟುವುದನ್ನೇ ಮರೆತಳು.

“ಏನಾತೇ? ಬಿಳಿಚಿಕೊಂಡ್ಯಲ್ಲ” ಎಂದಳು ಮುದ್ದಕ್ಕ. ಶಿವಗಂಗಮ್ಮ ಹೇಳಿದಳು.

“ಆ ಮೇಷ್ಟ್ರಿಗೆ ಗೊತ್ತಾತಾ?”

“ಇಲ್ಲ.”

“ಮತ್ತೆ? ಅವ್ರಿಗೇ ಕಾಣಲಿಲ್ಲ ಅಂದ್ಮೇಲೆ ಅದು ತಪ್ಪು ಹೆಂಗಾಗುತ್ತೆ? ಕಣ್ಣಿಗೆ ಕಾಣದ್ದನ್ನ ತೂಗಿದ್ರಂತೆ, ಅದರಾಗೆ ಒಂದು ಹೆಚ್ಚಾದ್ರೇನು ಹತ್ತು ಕಡಿಮೆ ಆದ್ರೇನು, ಯಾರು ಎಣಿಸೋಕೆ ಹೋಗ್ತಾರೆ? ಗಾಡಿ ಹತ್ತು ಸುಮ್ಕೆ.”

ಶಿವಗಂಗಮ್ಮ ಗಾಡಿ ಹತ್ತಿದಳು. ಹತ್ತಿ ಕುಳಿತಳು. ಗಾಡಿಯವನು ನೊಗ ಎತ್ತಿದ. ಅತ್ತೆ ಹೇಳಿದ್ದು ನಿಜ. ಎಣಿಸಲು ಯಾರೂ ಹೋಗುವುದಿಲ್ಲ. ಇದೇನು ಪಾಷಾಣವಲ್ಲ, ಯಾರೂ ನುಂಗುವುದಿಲ್ಲ. ಎಂಟು ಅಂಕ ಬರೆದು ಸಹಿಯಾಗಿದೆ. ಆದರೆ ಆತ ಬರೆದುಕೊಂಡನಲ್ಲ, ಪಾಠದ ಪುಸ್ತಕದಲ್ಲಿ, ಶಾಯಿಯಲ್ಲಿ. ಬರುವ ವರ್ಷ ಈ ಸೀಮೆಯ ಮೇಷ್ಟ್ರಾಗುವವರೆಲ್ಲ ಅದನ್ನೇ ಬರೆದುಕೊಳ್ಳುತ್ತಾರೆ. ಹೋಗಿ ತಮ್ಮ ತಮ್ಮ ಶಾಲೆಯ ಹಲಗೆಯ ಮೇಲೆ ಬರೆಯುತ್ತಾರೆ. ಹಿರಿಯೂರಿನಲ್ಲೊಬ್ಬ ಹುಡುಗ, ಹೊಳಲ್ಕೆರೆಯಲ್ಲೊಬ್ಬ. ಎಲ್ಲರ ಅಂಗೈಯಲ್ಲೂ ಒಂದು ಗ್ರಾಮಿಗೆ ಎಂಬತ್ತಮೂರು ಗಂಜಿ.

ಮಗಳ ಮುಖ ನೋಡಿದಳು. ಹೇಳಿದರೆ ಎಂಟರಲ್ಲಿ ಎಷ್ಟು ಉಳಿದೀತು? ಎಷ್ಟು ಉಳಿದರೆ ನಲವತ್ತು ತುಂಬೀತು? ಯಾವುದೂ ಗೊತ್ತಿಲ್ಲ. ಎತ್ತಿನ ಕೊರಳ ಗಂಟೆ ಅಲುಗಿತು. ತಟ್ಟೆಯ ಅಡಿಗೆ ಮೇಣ ಅಂಟಿದೆ, ಈಗ ಕಂಡಿದೆ.

“ಒಂದು ಗಳಿಗೆ ನಿಲ್ಸಪ್ಪ” ಎಂದು ಇಳಿದಳು. “ಅತ್ತೆ, ಗಾಡಿ ಬಿಡಬ್ಯಾಡ.”

“ನಿಮ್ಮಪ್ಪನ ಮಗಳೇ ಸರಿ ಬಿಡು” ಎಂದು ಮುದ್ದಕ್ಕ ಹಿಂದಿನಿಂದ ಅಂದದ್ದು ಬೈಗುಳವೋ ಏನೋ, ಕೇಳಿಸಿಕೊಳ್ಳಲು ಪುರಸೊತ್ತಿರಲಿಲ್ಲ.

ಕೋಣೆಯಲ್ಲಿ ಉತ್ತರಕಾಗದಗಳ ಕಟ್ಟಿಗೆ ದಾರ ಸುತ್ತಿಯಾಗಿತ್ತು. ಮಾರಣ್ಣ ಮೇಣದಬತ್ತಿಯ ಮೇಲೆ ಮೊಹರಿನ ಅರಗು ಕರಗಿಸುತ್ತಿದ್ದ. ಓಡಿ ಬಂದ ಹೆಂಗಸನ್ನು ಕಂಡು ಮರುಳಸಿದ್ದಪ್ಪ ಎದ್ದೇ ನಿಂತ.

“ಸ್ವಾಮಿ, ಒಂದು ಸೊನ್ನೆ ಬಿಟ್ಟೀನಿ.” ಏದುಸಿರಿನಲ್ಲಿ ಆಕೆ ಹೇಳಿದ್ದು ಅಷ್ಟೇ. ಆಮೇಲೆ ತ್ರಾಸಿನ ಕಡೆ ಕೈ ತೋರಿಸಿ, “ನಿಮ್ಮ ಗುಂಡು ಎಂಟು ಗಂಜಿಗೆ ಸಮ ಬಂತು. ನಾನು ಬರೆದದ್ದರಲ್ಲಿ ಎಂಬತ್ತಮೂರಕ್ಕೆ ಬರುತ್ತೆ. ನೂರಿಪ್ಪತ್ತಕ್ಕೆ ಹನ್ನೆರಡು ಬರೆದೆ” ಎಂದಳು.

ಆತ ಪಾಠದ ಪುಸ್ತಕ ತೆರೆದ, ತುಟಿ ಆಡಿಸುತ್ತ ಲೆಕ್ಕ ಹಾಕಿದ, ಅಂಕಿಯನ್ನು ಹೊಡೆದುಹಾಕಿದ. “ತೊಂಬತ್ತನಾಲ್ಕು ಕೋಟಿ ಕೋಟಿ. ನಾನೂ ನೋಡಲಿಲ್ಲ ನೋಡ್ರಿ. ನಿಮ್ಮ ಗೆರೆಯ ಮೇಲೂ ಕೆಳಗೂ ಬೆರಳಾಡಿಸಿದೆ, ಸೊನ್ನೆ ಇದ್ದ ಜಾಗದಲ್ಲಿ ಇಲ್ಲ ಅಂತ ಕಾಣಲೇ ಇಲ್ಲ.” ಮಾರಣ್ಣನ ಕಡೆ ತಿರುಗಿ, “ಅರಗು ಇಳಿಸು” ಎಂದ.

“ಇಳಿಸಿದ್ರೆ ಗಟ್ಟಿ ಆಗುತ್ತೆ ಬುದ್ಧಿ.”

“ಆಗಲಿ. ಮತ್ತೆ ಕರಗಿಸು.”

ದಾರ ಬಿಚ್ಚಿ ಆಕೆಯ ಕಾಗದ ತೆಗೆದ. ಕೆಂ‌ಪು ಮಸಿಯಲ್ಲಿ ಲೇಖನಿ ಅದ್ದಿದ. ಕಾಗದದ ತಲೆಯಲ್ಲಿ ಬರೆದಿದ್ದ ಒಟ್ಟು ಅಂಕವನ್ನು ನೋಡಿದ, ಕೆಳಗಿನ ಎಂಟನ್ನು ನೋಡಿದ. ಲೇಖನಿ ಮೇಲೆಯೇ ನಿಂತಿತು. ಮಸಿ ಒಣಗಿತು. ಮತ್ತೆ ಅದ್ದಿದ.

“ನೀವೂ ಮೇಷ್ಟ್ರೇ. ನಿಮ್ಮ ಶಾಲೆಯಲ್ಲಿ ಹುಡುಗೀರು ಒಂದು ಸೊನ್ನೆ ಬಿಟ್ರೆ ಎಷ್ಟು ಕಳೀತೀರಿ?”

“ಎರಡು” ಎಂದಳು ಶಿವಗಂಗಮ್ಮ.

ಆತ ಎಂಟನ್ನು ಹೊಡೆದು ಆರು ಬರೆದ. ತಲೆಯ ಒಟ್ಟನ್ನೂ ತಿದ್ದಿ, ಎರಡು ಕಡೆ ಸಹಿ ಹಾಕಿ, ಕಾಗದ ಒಳಗಿಟ್ಟ. “ಹೋಗ್ರಿ ತಾಯಿ, ಗಾಡಿ ತಪ್ಪುತ್ತೆ” ಎಂದ.

ಆ ಮಾತಿನಲ್ಲಿ ಏನಾದರೂ ಇತ್ತೇ ಎಂದು ಶಿವಗಂಗಮ್ಮ ಹೊಳಲ್ಕೆರೆಯ ತನಕ ಯೋಚಿಸಿದಳು, ಅಲ್ಲಿಂದ ಹೊಸದುರ್ಗದ ತನಕ ಯೋಚಿಸಿದಳು, ಆಮೇಲೆ ಐದು ವಾರ ಯೋಚಿಸಿದಳು. ತಾಯಿ ಅಂದನಲ್ಲ, ಕನಿಕರದಿಂದ ಅಂದಿದ್ದರೆ? ಹೋಗ್ರಿ ಅಂದನಲ್ಲ, ಇನ್ನು ಬರಬೇಡಿ ಎಂದಿದ್ದರೆ? ಮಗಳಿಗೆ ಎಣ್ಣೆ ಹಚ್ಚುತ್ತ, ಧರ್ಮಪುರದಲ್ಲಿ ಬಾವಿ ಎಷ್ಟು ದೂರ ಎಂದು ನೆನಪಿಸಿಕೊಳ್ಳಲು ನೋಡುತ್ತಿದ್ದಳು. ಟ್ರಂಕಿನಲ್ಲಿದ್ದ ಎರಡು ಒಳ್ಳೆಯ ಸೀರೆಗಳನ್ನು ಒಗೆದು ಮಡಿಸಿಟ್ಟಳು, ಹೋಗಬೇಕಾಗಿ ಬಂದರೆ ಇರಲಿ ಎಂದು. ಮಾರನೆಯ ದಿನ ಹಾಗೆ ಮಾಡಿದ್ದು ಅಪಶಕುನವೆನಿಸಿ ಮಡಿಕೆ ಬಿಚ್ಚಿ ನೇತುಹಾಕಿದಳು.

*

ಕಾಗದ ಬಂದದ್ದು ಜ್ಯೇಷ್ಠದ ಕೊನೆಯಲ್ಲಿ, ಒಂದು ಮಧ್ಯಾಹ್ನ. ಮುಖ್ಯೋಪಾಧ್ಯಾಯಿನಿ ಒಡೆದು ಓದಿದರು. ತೇರ್ಗಡೆ. ಗಣಿತ ಎಪ್ಪತ್ತೊಂದು, ಕನ್ನಡ ಅರವತ್ತೆಂಟು, ವಿಜ್ಞಾನ ನಲವತ್ತು.

“ನಲವತ್ತೇ ಸರಿಯಾಗಿ ನಲವತ್ತು” ಎಂದು ಅವರು ನಕ್ಕರು. “ಕೂದಲೆಳೆಯಲ್ಲಿ ದಾಟಿದ್ರಿ ಶಿವಗಂಗಮ್ಮ.”

ಸಕ್ಕರೆ ಹಂಚಿದರು. ಆ ಸಂಜೆಯೇ ಈರಬಸಪ್ಪನಿಗೆ ಒಂದು ಕಾರ್ಡು ಬರೆದದ್ದಾಯಿತು: ಕೆಲಸ ಖಾಯಂ ಆಗಿದೆ, ಚಂದ್ರಕ್ಕ ಇಲ್ಲಿಯೇ ಓದುತ್ತಾಳೆ, ಮನೆಯವರಿಗೆಲ್ಲ ಶರಣು. ಸಂತೋಷವಾಗಿರಲಿಲ್ಲವೆಂದಲ್ಲ. ಆದರೆ ಕಾರ್ಡನ್ನು ಅಂಚೆಗೆ ಹಾಕಿ ಬಂದು ಹೊಸಿಲ ಮೇಲೆ ಕುಳಿತಾಗ ಬೆರಳು ಮತ್ತೆ ಲೆಕ್ಕ ಹಾಕತೊಡಗಿತು. ಮೂವತ್ತನಾಲ್ಕು, ಅದಕ್ಕೆ ಆರು. ಎಂಟರಲ್ಲಿ ಮೂರು ಕಳೆದಿದ್ದರೆ ಮೂವತ್ತೊಂಬತ್ತು.

ಆಗ ನೆನಪಾಯಿತು. ಹೊಸದುರ್ಗದ ಶಾಲೆಯಲ್ಲಿ ಸೊನ್ನೆ ಬಿಟ್ಟವರಿಗೆ ಆಕೆ ಎರಡು ಕಳೆಯುತ್ತಿದ್ದದ್ದು ಸಣ್ಣ ತರಗತಿಯಲ್ಲಿ ಮಾತ್ರ. ದೊಡ್ಡ ತರಗತಿಯ ಹುಡುಗಿಯರಿಗೆ ಮೂರು. ನಾಲ್ಕು ವರ್ಷದಿಂದ ಅದೇ ರೂಢಿ, ಒಮ್ಮೆಯೂ ತಪ್ಪಿರಲಿಲ್ಲ. ಆ ದಿನ ಕೇಳಿದಾಗ ಬಾಯಿಗೆ ಎರಡು ಎಂದೇ ಯಾಕೆ ಬಂತು? ಅವಸರವೇ, ಮರೆವೇ, ಗಾಡಿಯಲ್ಲಿ ಕುಳಿತಿದ್ದ ಹುಡುಗಿಯೇ? ಎಷ್ಟು ತಿರುವಿ ನೋಡಿದರೂ ಆಕೆಗೆ ಗೊತ್ತಾಗಲಿಲ್ಲ. ಮತ್ತೆ ದುರ್ಗಕ್ಕೆ ಹೋಗಿ ಹೇಳಲು ಈ ಸಲ ಕಾಲೇಳಲಿಲ್ಲ.

ಮಾರನೆಯ ದಿನದಿಂದ ಆ ಶಾಲೆಯಲ್ಲಿ ದೊಡ್ಡ ತರಗತಿಯಲ್ಲೂ ಒಂದು ಸೊನ್ನೆಗೆ ಎರಡೇ ಅಂಕ ಹೋಗತೊಡಗಿತು. ಕೆಲಸ ಖಾಯಂ ಆದಮೇಲೆ ಅಕ್ಕೋರು ಮೆತ್ತಗಾದರು ಎಂದು ಹುಡುಗಿಯರು ತಮ್ಮತಮ್ಮಲ್ಲೇ ಮಾತಾಡಿಕೊಂಡರು.